ಹುಸೇನಬಿಯ ಅಳ್ಳಿನ ಜೋಳ

ಹುಸೇನಬಿ ಖಾಲಾ ಉಸುಕನ್ನು ಬೈಯುತ್ತಿದ್ದಳು. ಭಟ್ಟಿಯ ಮೇಲಿನ ಅಗಲವಾದ ಕಬ್ಬಿಣದ ಬಾಂಡಲಿಯಲ್ಲಿ ಉಸುಕು ಕಾಯತೊಡಗಿದರೆ ಅದರ ಮೇಲೆ ಬಗ್ಗಿ, ಕಿವಿಯೋಲೆ ಬಿಸಿಯಾಗುವಷ್ಟು ಹತ್ತಿರಕ್ಕೆ ಮುಖ ತಂದು, "ಇನ್ನಾ ಎಷ್ಟೊತ್ತ? ನಿನಗೂ ಬಾ ಅಂತ ಕರೀಬೇಕೇನ?" ಎಂದು ಕೇಳುತ್ತಿದ್ದಳು. ಆಮೇಲೆ ಒಂದು ಚಿಟಿಕೆ ಜೋಳ ಎಸೆದು ಕಣ್ಣು ಮುಚ್ಚುತ್ತಿದ್ದಳು. ನೋಡುತ್ತಿರಲಿಲ್ಲ, ಕೇಳುತ್ತಿದ್ದಳು. ಕಾಳು ಸಿಡಿಯುವ ಸಪ್ಪಳ ತನಗೆ ಬೇಕಾದ ಹಾಗೆ ಬಂದರೆ ಕಣ್ಣು ತೆರೆದು "ನಕ್ಕವು" ಅನ್ನುತ್ತಿದ್ದಳು. ಬಾರದಿದ್ದರೆ ಒಲೆಗೆ ಶೇಂಗಾ ಹೊಟ್ಟು ಒಟ್ಟುತ್ತಿದ್ದ ಸೊಸೆ ಶಬಾನಾಳಿಗೆ ಬೈಗುಳ.

ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆದರೂ ಕಣ್ಣನ್ನು ಆಕೆಯೇ ಮುಚ್ಚುತ್ತಿದ್ದಳೋ, ಹೊಗೆಗೆ ಅದು ತಾನಾಗಿ ಮುಚ್ಚುತ್ತಿತ್ತೋ, ಈಗ ಹೇಳಲಾರೆ. ತೀರಿಹೋದವರ ಬಗ್ಗೆ ಬರೆಯುವಾಗ ಅವರ ಹೊಗೆಗಣ್ಣು ಕೂಡ ಧ್ಯಾನದ ಹಾಗೆ ಕಾಣತೊಡಗುತ್ತದೆ. ಖಾಲಾ ಧ್ಯಾನ ಮಾಡುವ ಪೈಕಿ ಅಲ್ಲ. ಜೋಳ ಅಳೆಯುವಾಗ ಹೆಬ್ಬೆರಳನ್ನು ಸೇರಿನೊಳಗೆ ಇಳಿಬಿಟ್ಟು, ಆ ಬೆರಳಿನಷ್ಟು ಕಾಳನ್ನು ಪ್ರತಿಸಲ ಉಳಿಸಿಕೊಳ್ಳುವ ಪೈಕಿ. ಯಾರಾದರೂ "ಖಾಲಾ, ಬಟ್ಟ ತಗೀರಿ" ಎಂದರೆ, "ಬಟ್ಟ ತಗದ್ರ ಸೇರ ಬೀಳತೈತಿ, ಎತ್ತಿ ಕೊಡಾಂವ ನಿಮ್ಮಪ್ಪನೇನ?" ಎಂದು ತಿರುಗಿ ಕೇಳುತ್ತಿದ್ದಳು. ಕೇಳಿದವರೇ ನಗುತ್ತ ಚೀಲ ಹಿಡಿಯುತ್ತಿದ್ದರು.

ವಿಜಯಪುರದ ಜೋರಾಪುರ ಪೇಟೆಯಲ್ಲಿ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಆಕೆಯ ಭಟ್ಟಿ. ಪೇಟೆಗೆಲ್ಲ ಆಕೆ ಖಾಲಾ, ಚಿಕ್ಕಮ್ಮ. ವರ್ಷವೆಲ್ಲ ಪುಠಾಣಿ, ಶೇಂಗಾ, ಚುರಮರಿ. ಆದರೆ ಆಕೆಯ ಮರ್ಯಾದೆಯೆಲ್ಲ ನಿಂತಿದ್ದದ್ದು ನಾಗರ ಪಂಚಮಿಯ ಹಿಂದುಮುಂದಿನ ಕೆಲವು ದಿನಗಳ ಮೇಲೆ. ಪಂಚಮಿಗೆ ನಮ್ಮ ಕಡೆ ಜೋಳದ ಅಳ್ಳು ಬೇಕೇ ಬೇಕು. ಅರಳಿದ ಜೋಳ ಅದು. ಬೀಸಿ, ಬೆಲ್ಲ ಕಲಸಿದರೆ ಅಳ್ಳಿಟ್ಟು. ರೊಟ್ಟಿ ಮಾಡುವ ಜೋಳವನ್ನು ಬಿಸಿ ಉಸುಕಿಗೆ ಹಾಕಿದರೆ ಅದು ಮುನಿಸಿಕೊಂಡು ಕೆಂಪಾಗುತ್ತದೆ, ಅರಳುವುದು ಅಷ್ಟಕ್ಕಷ್ಟೇ. ಅಳ್ಳಿಗೆ ಬೇರೆ ಜೋಳ ಬೇಕು. ಸಣ್ಣ ಕಾಳು, ಗಟ್ಟಿ ಸಿಪ್ಪೆ, ಉಗುರಿನಲ್ಲಿ ಒತ್ತಿದರೆ ಗಾಜಿನ ಹಾಗೆ ಜಾರುತ್ತದೆ. ಅದನ್ನು ಖಾಲಾಳಿಗೋಸ್ಕರವೇ ಬಿಜ್ಜರಗಿಯ ಮಲ್ಲಣ್ಣ ತನ್ನ ಜೋಳದ ಹೊಲದ ನಡುವೆ ನಾಲ್ಕು ಸಾಲು ಬಿತ್ತುತ್ತಿದ್ದ. ಅವನ ಅಪ್ಪ ಖಾಲಾಳ ಅತ್ತೆಗೆ ಬಿತ್ತುತ್ತಿದ್ದ. ಬಿತ್ತುವ ಬೀಜದ ತೆನೆ ಮಲ್ಲಣ್ಣನ ಮನೆಯ ಜಂತಿಗೆ ನೇತಾಡುತ್ತಿತ್ತು. ತಿನ್ನುವ ಕಾಳಷ್ಟೂ ಜೋರಾಪುರ ಪೇಟೆಗೆ ಬರುತ್ತಿತ್ತು. ಬೇರೆ ಎಲ್ಲೂ ಆ ಜೋಳ ಸಿಗುತ್ತಿರಲಿಲ್ಲ. ಸಿಗುತ್ತಿತ್ತೇನೋ, ಹುಡುಕುವಷ್ಟು ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಪಂಚಮಿ ಬಂದರೆ ಖಾಲಾ ಇದ್ದಳು.

ಎಷ್ಟು ಕಾಯಿಸಿದರೂ ಅರಳದೆ ಉಸುಕಿನ ತಳದಲ್ಲಿ ಉಳಿಯುವ ಕಾಳಿಗೆ ಆಕೆ ಗುಮ್ಮ ಅನ್ನುತ್ತಿದ್ದಳು. ನನಗೂ ಅದೇ ಹೆಸರು. ಅವ್ವನ ಸೆರಗು ಹಿಡಿದು ಭಟ್ಟಿಗೆ ಹೋದಾಗ ನಾನು ಬಾಯಿ ಬಿಡುತ್ತಿರಲಿಲ್ಲವಂತೆ. "ಯಾಕವ್ವಾ, ಈ ನಿನ್ನ ಗುಮ್ಮ ಎಂದ ಸಿಡೀತೈತಿ?" ಎಂದು ಆಕೆ ಕೇಳಿದ್ದು, ಭಟ್ಟಿಯೆಲ್ಲ ನಕ್ಕಿದ್ದು, ನಾನು ಅತ್ತಿದ್ದು. ಅತ್ತದ್ದೊಂದೇ ನನ್ನ ಸ್ವಂತ ನೆನಪು. ಉಳಿದದ್ದು ಅವ್ವ ಹೇಳಿದ್ದು.

ಖಾಲಾಳಿಗೆ ಜಂಬ ಬಹಳ. ಕಣ್ಣಿಗೆ ಸುರಮಾ ಇಲ್ಲದೆ ಭಟ್ಟಿ ಹೊತ್ತಿಸುತ್ತಿರಲಿಲ್ಲ. ಬಾದಶಾಹನ ಕುದುರೆ ಲಾಯಕ್ಕೆ ತನ್ನ ಮನೆತನದವರೇ ಕಡಲೆ ಹುರಿದು ಕೊಟ್ಟಿದ್ದರೆಂದು ಎಲ್ಲರಿಗೂ ಹೇಳುತ್ತಿದ್ದಳು. ಗಾಂಧಿ ಚೌಕದಲ್ಲಿ ಮೆಕ್ಕೆಜೋಳ ಸಿಡಿಸುವ ಗಾಜಿನ ಪೆಟ್ಟಿಗೆ ಬಂದಾಗ ಅದನ್ನು ನೋಡಲೆಂದೇ ಆಟೋ ಮಾಡಿಕೊಂಡು ಹೋಗಿದ್ದಳು. ಬಂದು ಹೇಳಿದ್ದು: "ಹತ್ತಿ ತಿಂದಂಗ ಆಕ್ಕೇತಿ. ಗಾದಿ ತುಂಬಾಕ ಚಲೋ." ಅಂದ ಮಾತು ಪೇಟೆಯಲ್ಲೆಲ್ಲ ಓಡಾಡಿತು. ತಾನೇ ಎರಡು ಪೊಟ್ಟಣ ತಿಂದು ಬಂದದ್ದನ್ನು ಹೇಳಿದವಳು ಶಬಾನಾ.

ಮತ್ತೊಂದು ಕಟ್ಟುನಿಟ್ಟು ಆಕೆಗಿತ್ತು. ಅಳ್ಳಿನ ಜೋಳದ ಹಸಿ ಕಾಳನ್ನು ಆಕೆ ಯಾರಿಗೂ ಕೊಡುತ್ತಿರಲಿಲ್ಲ. ಹುರಿಯುವ ಮುನ್ನ ಆ ಕಾಳಿಗೆ ಹದ ಹಾಕಬೇಕು. ಒಮ್ಮೆ ಬಿಸಿ ಉಸುಕಿನಲ್ಲಿ ಆಡಿಸಿ ತೆಗೆದು, ಉಪ್ಪುನೀರು ಚಿಮುಕಿಸಿ, ಗೋಣಿ ತಟ್ಟಿನಲ್ಲಿ ಸುತ್ತಿಟ್ಟು, ಮತ್ತೆ ಆರಿಸುವುದು. ಹದ ಹಾಕಿದ ಕಾಳು ನೋಡಲು ಹಸಿ ಕಾಳಿನಂತೆಯೇ ಇರುತ್ತದೆ. ಮನೆಯಲ್ಲೇ ಹುರಿದುಕೊಳ್ಳುತ್ತೇವೆ ಎಂದು ಯಾರಾದರೂ ಕೇಳಿದರೆ ಖಾಲಾ ಅದನ್ನು ಕೊಡುತ್ತಿದ್ದಳು. ಅದು ಅರಳುತ್ತದೆ, ಆದರೆ ಮೊಳೆಯುವುದಿಲ್ಲ. ಒಳಗಿನ ಜೀವ ಬಿಸಿಗೆ ಹೋಗಿರುತ್ತದೆ. ಆಕೆಯ ಅತ್ತೆ ಹಾಕಿಕೊಟ್ಟ ಪದ್ಧತಿಯಂತೆ ಇದು. ಹಸಿ ಕಾಳು ಹೊರಗೆ ಹೋದರೆ ನಾಳೆ ಮತ್ತೊಬ್ಬ ಬಿತ್ತುತ್ತಾನೆ, ನಾಡಿದ್ದು ಮತ್ತೊಂದು ಭಟ್ಟಿ ಹುಟ್ಟುತ್ತದೆ. ಹೊರಗಿನವರಿಗೆ ಇದನ್ನು ಹೇಳುವ ಪದ್ಧತಿ ಇರಲಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ಆದರೆ ಗೊತ್ತಾಗಬಹುದಿತ್ತು. ನಾನು ಸಾಲೆಯಲ್ಲಿದ್ದಾಗ ಅವ್ವ ಆಕೆಯಿಂದ ಒಂದು ಬೊಗಸೆ ಕಾಳು ಇಸಿದುಕೊಂಡು ಬಬಲೇಶ್ವರದ ತನ್ನ ತವರಿಗೆ ಒಯ್ದಿದ್ದಳು. ಸೋದರಮಾವ ಹೊಲದ ಬದುವಿನಲ್ಲಿ ಹಾಕಿದ. ಒಂದೂ ಏಳಲಿಲ್ಲ. ಮಾವ ಇರುವೆ ಒಯ್ದವು ಎಂದ, ಅವ್ವ ಮಾವನಿಗೆ ಬಿತ್ತಲು ಬರುವುದಿಲ್ಲ ಎಂದಳು. ಆ ಜಗಳ ಎಷ್ಟೋ ಹಬ್ಬಗಳಲ್ಲಿ ನಡೆಯಿತು. ಖಾಲಾಳ ಮುಂದೆ ಅವ್ವ ಅದನ್ನು ಹೇಳಿದಾಗ ಆಕೆ, "ಬಬಲೇಶ್ವರದ ಮಣ್ಣಿಗೆ ನಮ್ಮ ಜ್ವಾಳ ಸೇರೂದಿಲ್ಲ ಬಿಡವ್ವಾ" ಎಂದು ಗಂಭೀರವಾಗಿ ಹೇಳಿದಳು. ಆಗ ಆಕೆಯ ತುಟಿಯ ಮೂಲೆಯಲ್ಲಿ ಏನೋ ಇತ್ತು ಎಂದು ಈಗ ನನಗೆ ಅನಿಸುತ್ತದೆ. ಈಗ ಅನಿಸುವುದೆಲ್ಲ ಆಗ ಇತ್ತೆಂದು ನಂಬಲಾರೆ.

ದೊಡ್ಡವನಾದ ಮೇಲೆ ನನಗೆ ಒಂದು ಯೋಜನೆಯಲ್ಲಿ ಗುತ್ತಿಗೆ ಕೆಲಸ ಸಿಕ್ಕಿತು. ದೇಶದ ಜೀವವೈವಿಧ್ಯ ಉಳಿಸುವುದೆಂದರೆ ಇಷ್ಟು ದಿನ ಕಾಡು, ಹುಲಿ, ಹಕ್ಕಿ ಎಂದಾಗಿತ್ತು. ಇನ್ನು ಹೊಲವೂ ಅಡಿಗೆಮನೆಯೂ ಅದರೊಳಗೆ ಬರಬೇಕು, ಜನ ಬೆಳೆಯುವ ತಳಿಗಳನ್ನೂ ತಿನ್ನುವ ಪದಾರ್ಥಗಳನ್ನೂ ಸೇರಿಸಿಯೇ ರಾಷ್ಟ್ರದ ಯೋಜನೆ ಆಗಬೇಕು ಎಂಬುದು ತತ್ವ. ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದ ತತ್ವ. ನಮ್ಮಲ್ಲಿ ತೋರಿಸಲು ಕಾಡು ಎಲ್ಲಿದೆ? ಜೋಳವಿದೆ. ಹಾಗಾಗಿ ನನ್ನ ತಲೆಗೆ ಮೊದಲು ಬಂದವಳು ಖಾಲಾ.

ಹೋಗಿ ವಿವರಿಸಿದೆ. ಆಕೆ ಪುಠಾಣಿ ಜರಡಿ ಹಿಡಿಯುತ್ತ ಕೇಳಿದಳು. ಕೊನೆಗೆ, "ಅಂದ್ರ, ನಮ್ಮ ಭಟ್ಟಿ ಈಗ ಕಾಡ ಆತೇನಪಾ?" ಎಂದಳು.

"ಹಂಗ ಅಂತ ತಿಳಕೋರಿ."

"ಮತ್ತ ನಾ ಏನು, ಹುಲಿ ಏನ?"

"ಹುಲೀನ ಅಮ್ಮಾ," ಎಂದಳು ಶಬಾನಾ ಒಲೆಯ ಹಿಂದಿನಿಂದ. ಹೊಟ್ಟಿನ ಒಂದು ಹಿಡಿ ಅವಳ ತಲೆಯ ಮೇಲೆ ಬಿತ್ತು.

ಖಾಲಾ ಒಪ್ಪಿದಳು. ಫೋಟೋ ತೆಗೆಯುತ್ತಾರೆ ಎಂದದ್ದಕ್ಕೆ ಒಪ್ಪಿದಳೆಂದು ಶಬಾನಾ. ಇರಲಿ. ಆ ಬೇಸಿಗೆಯಲ್ಲಿ ಯೋಜನೆಯ ಹಿರಿಯರೊಬ್ಬರು ಬಂದರು. ನಾವು ಅವರನ್ನು ಸರ್ ಅನ್ನುತ್ತಿದ್ದೆವು. ಬಿಜ್ಜರಗಿಯಿಂದ ಮಲ್ಲಣ್ಣನೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ಖಾಲಾ ಹಸಿರು ಸೀರೆ ಉಟ್ಟು, ಸುರಮಾ ಎಂದಿಗಿಂತ ದಪ್ಪಗೆ ಹಚ್ಚಿ, ಉಸುಕನ್ನು ಬೈಯದೆ ಅಳ್ಳು ಹುರಿದಳು. ಸರ್ ತಿಂದು ತಲೆದೂಗಿದರು. ಆಮೇಲೆ ಬಿತ್ತನೆಗೆ ಯೋಗ್ಯವಾದ ಕಾಳು ಬೇಕು, ತಣ್ಣನೆಯ ಭಂಡಾರದಲ್ಲಿ ಬಹುಕಾಲ ಕಾಯ್ದಿಡುತ್ತೇವೆ ಎಂದರು. ಖಾಲಾ ಒಳಗೆ ಹೋದಳು. ಗಾಜಿನ ಬಾಟಲಿಯ ತುಂಬ ಕಾಳು ತಂದು ಎರಡೂ ಕೈಯಿಂದ ಕೊಟ್ಟಳು. ಮಲ್ಲಣ್ಣ ಚಪ್ಪಾಳೆ ತಟ್ಟಿದ. ಫೋಟೋ ಆಯಿತು.

ಆ ಫೋಟೋ ನನ್ನ ಹತ್ತಿರ ಇದೆ. ಆಕೆ ಒಳಗೆ ಎಷ್ಟು ಹೊತ್ತು ಇದ್ದಳು ಎಂಬುದು ಅದರಲ್ಲಿಲ್ಲ. ಬಹಳ ಹೊತ್ತು ಎಂದು ಒಂದು ಸಲ ನೆನಪಾಗುತ್ತದೆ, ಹೋದವಳೇ ಬಂದಳು ಎಂದು ಇನ್ನೊಂದು ಸಲ. ಎರಡರಲ್ಲಿ ಯಾವುದು ನಿಜವಾದರೆ ಆಕೆಗೆ ಒಳ್ಳೆಯದು ಎಂದು ನಾನು ಲೆಕ್ಕ ಹಾಕುತ್ತಿರುವುದು ಗೊತ್ತಾದಾಗ ಫೋಟೋ ಮುಚ್ಚಿಡುತ್ತೇನೆ.

ಸರ್ ಅಲ್ಲಿಂದ ತಿಕೋಟಾ ಕಡೆಯ ಇನ್ನಷ್ಟು ಹಳ್ಳಿಗಳಿಗೆ ಹೋಗುವವರಿದ್ದರು. ಬಾಟಲಿ ಜೀಪಿನ ಮುಂಗಾಜಿನ ಕೆಳಗೆ ಬಿಸಿಲಿನಲ್ಲಿ ನಮ್ಮ ಜೊತೆ ತಿರುಗಾಡಿತು. ಅದನ್ನು ತೆಗೆದು ನೆರಳಿಗೆ ಇಡಬೇಕು ಎಂದು ನನಗೆ ಅನಿಸಿತ್ತು. ಚಾಲಕ ಊಟಕ್ಕೆ ಕರೆದ. ಹೋದೆ.

ಪಂಚಮಿ ಬಂತು. ಆ ವರ್ಷ ಭಟ್ಟಿಯ ಮುಂದೆ ನಾವು ಬಟ್ಟೆಯ ಬ್ಯಾನರು ಕಟ್ಟಿದ್ದೆವು. ಜನ ಎಂದಿಗಿಂತ ಹೆಚ್ಚು. ಖಾಲಾ ಪ್ರತಿ ವರ್ಷದ ಹಾಗೆ ಮನೆಯಲ್ಲಿದ್ದ ಕಾಳನ್ನೆಲ್ಲ ಹದ ಹಾಕಿ ಹುರಿದು ಮಾರಿದಳು. ಚೀಲ ಝಾಡಿಸಿ ಮಡಚಿಟ್ಟಳು. ಬೀಜದ ತೆನೆ ಬಿಜ್ಜರಗಿಯ ಜಂತಿಯಲ್ಲಿ ಇದೆಯಲ್ಲ.

ಹಿಂಗಾರಿ ಬಿತ್ತನೆಯ ಹೊತ್ತಿಗೆ ಆಕೆ ಬಿಜ್ಜರಗಿಗೆ ಹೋಗುವುದು ರೂಢಿ. ಸಾಲು ಎಲ್ಲಿ ಬೀಳಬೇಕು ಎಂದು ತಾನೇ ನಿಂತು ತೋರಿಸಬೇಕು, ಇಲ್ಲದಿದ್ದರೆ ಮಲ್ಲಣ್ಣ ಕಲ್ಲು ನೆಲಕ್ಕೆ ಹಾಕುತ್ತಾನೆ ಎಂಬ ಅನುಮಾನ. ಆ ಸಲ ನಾನೂ ಜೊತೆಗೆ ಹೋದೆ. ಬಸ್ಸು ತಿಕೋಟಾ ದಾಟಿದ ಮೇಲೆ ರಸ್ತೆಯ ಎರಡೂ ಬದಿಗೆ ದ್ರಾಕ್ಷಿ. ನಡುನಡುವೆ ಅದನ್ನೇ ಮನೂಕಕ್ಕೆ ಒಣಗಿಸುವ ಹಸಿರು ಪರದೆಯ ಶೆಡ್ಡುಗಳು. "ಎಲ್ಲಾರೂ ಹೊಲಕ್ಕ ಬುರಖಾ ಹಾಕ್ಯಾರ ನೋಡ," ಎಂದಳು ಖಾಲಾ. ಖುಷಿಯಲ್ಲಿದ್ದಳು.

ಮಲ್ಲಣ್ಣನ ಹೊಲದಲ್ಲಿ ಕಲ್ಲಿನ ಕಂಬಗಳು ನಿಂತಿದ್ದವು. ತಂತಿ ಎಳೆದಿತ್ತು. ಕಂಬದ ಬುಡದಲ್ಲಿ ಮೊಳಕಾಲೆತ್ತರದ ದ್ರಾಕ್ಷಿ ಸಸಿ. ಖಾಲಾ ಬದುವಿನ ಮೇಲೆ ನಿಂತು, ಬೇರೆಯವರ ಹೊಲಕ್ಕೆ ಬಂದೆನೇನೋ ಎಂಬಂತೆ ಸುತ್ತ ನೋಡಿದಳು.

"ಮಲ್ಲ್ಯಾ, ನಮ್ಮ ಸಾಲ ಎಲ್ಲಿ?"

ಮಲ್ಲಣ್ಣ ಸಂಕೋಚದಿಂದಲೇ, ಆದರೆ ಹೊಸ ಹೊಲದ ಹುರುಪು ಮುಚ್ಚಿಡಲಾಗದೆ ಹೇಳಿದ: "ಇನ್ನೆಲ್ಲಿ ಸಾಲ್ರಿ ಖಾಲಾ. ಕಾಲುವಿ ನೀರ ಬಂತು. ನೀರ ಬಂದ ಮ್ಯಾಲೂ ಜ್ವಾಳ ಬಿತ್ತಿ ಕುಂತ್ರ ಮಂದಿ ನಗತಾರ್ರಿ. ಬರ್ರಿ, ಚಾ ಕುಡ್ಯೂಣು."

"ಚಾ ಇರ್ಲಿ. ಬೀಜದ ತೆನಿ ಕೊಡು. ನಾ ಬ್ಯಾರೆ ಯಾರ್ನರ ಹಿಡೀತೇನಿ."

ಮಲ್ಲಣ್ಣ ತಲೆ ಕೆರೆದುಕೊಂಡ. "ಜಂತಿ ತಗದ ಸ್ಲ್ಯಾಬ ಹಾಕಸಿದ್ವಿರಿ. ಅವಾಗ ತೆನಿ ಎಲ್ಲಾ ಆಡಿಗೆ ಹಾಕೀವಿ."

"ಆಡಿಗೆ?"

"ನಿಮಗ್ಯಾಕ್ರಿ ಚಿಂತಿ? ಸರಕಾರದ ಥಂಡಿ ಖೋಲ್ಯಾಗ ಐತೆಲ್ಲರಿ ಬೀಜ. ನಾನ ಕಣ್ಣಾರೆ ನೋಡೇನಿ, ನೀವ ಬಾಟ್ಲಿ ತುಂಬ ಕೊಟ್ಟೀರಿ. ನಮ್ಮ ಮನ್ಯಾಗ ಇಲಿ ತಿಂತಿದ್ವು, ಅಲ್ಲಿ ಯಾರ ತಿಂತಾರ? ಬೇಕಾದಾಗ ಇಸಗೊಂಡ ಬಂದ್ರಾತು. ಹೌದಲ್ರಿ ಸಾಹೇಬ್ರ?"

ಸಾಹೇಬ ಎಂದರೆ ನಾನು. "ಹೌದು," ಎಂದೆ. "ಅದಕ್ಕಽ ಇಟ್ಟಿದ್ದು ಖಾಲಾ. ಕೇಳಿದ್ರ ಒಂದ ಪಾಲು ವಾಪಸ್ ಕೊಡತಾರ."

ಖಾಲಾ ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಒಂದು ಆಡು ಬಂದು ಆಕೆಯ ಕೈಚೀಲಕ್ಕೆ ಮೂತಿ ಹಾಕಿತು. ಅದರ ಕಿವಿ ಹಿಡಿದು, "ಏನ ತಿಂದೀ ಅಂತ ಗೊತ್ತೈತೇನ ನಿನಗ?" ಎಂದಳು. ಮಲ್ಲಣ್ಣ ನಕ್ಕ. ನಾನೂ ನಕ್ಕೆ. ಒಳಗೆ ಕರೆದು ಮಲ್ಲಣ್ಣನ ಹೆಂಡತಿ ಚಹದ ಜೊತೆ ಮನೂಕ ಕೊಟ್ಟಳು. ಖಾಲಾ ಒಂದೊಂದಾಗಿ ಎಲ್ಲವನ್ನೂ ತಿಂದಳು. "ಸಿಹಿ ಅದಾವ," ಎಂದಳು, ಬೇಸರದಿಂದ.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದಳು: "ಆ ಬಾಟ್ಲ್ಯಾಗಿಂದು ಮೊಳೀತೈತೇನ?"

"ಮೊಳೀತೈತಿ. ಯಾಕ ಮೊಳ್ಯಾಂಗಿಲ್ಲ?"

"ಮೊಳ್ಯಾಂಗಿಲ್ಲ ಅಂದ್ರ?"

"ಖಾಲಾ, ದೊಡ್ಡ ದೊಡ್ಡ ಪಂಡಿತರು ಅದಾರ ಅಲ್ಲಿ."

"ಹೌದಲ್ಲ," ಎಂದಳು. "ಪಂಡಿತರು ಅದಾರ."

ತಿಕೋಟಾ ನಿಲ್ದಾಣದಲ್ಲಿ ಬಸ್ಸು ನಿಂತಿದ್ದಾಗ, "ಗುಮ್ಮಾ, ನಿನಗೊಂದ ಮಾತ ಹೇಳಬೇಕಾಗಿತ್ತು" ಎಂದಳು. ನಾನು ಫೋನಿನಲ್ಲಿದ್ದೆ, ಕೈ ಎತ್ತಿ ತಡೆಯಿರಿ ಎಂದೆ. ಹೀಗೆ ಆಯಿತು ಎಂದು ನನ್ನ ನೆನಪು. ಆದರೆ ಈ ಮಾತನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು. ಆಕೆ ಬರೀ ನೀರು ಕೇಳಿರಲೂಬಹುದು. ಫೋನು ಮಾತ್ರ ನಿಜ. ಸರ್ ಜೊತೆ ಮಾತಾಡುತ್ತಿದ್ದೆ, ಜಿಲ್ಲೆಯ ವರದಿ ಚೆನ್ನಾಗಿ ಬಂದಿದೆ ಎನ್ನುತ್ತಿದ್ದರು.

ಭಂಡಾರಕ್ಕೆ ಬರೆದು ಕೇಳಿದೆ. ಚಳಿಗಾಲ ಮುಗಿಯುವಾಗ ಉತ್ತರ ಬಂತು. ಬಂದ ಮಾದರಿಗಳನ್ನು ಅವರು ಸರದಿಯ ಮೇಲೆ ಮೊಳಕೆ ಬರಿಸಿ ನೋಡುತ್ತಾರಂತೆ. ನಮ್ಮದರಲ್ಲಿ ಒಂದು ಕಾಳೂ ಮೊಳೆತಿಲ್ಲ, ಬೇರೆ ಮಾದರಿ ಕಳಿಸಿ. ನನ್ನ ಕಣ್ಣ ಮುಂದೆ ಬಂದದ್ದು ಜೀಪಿನ ಮುಂಗಾಜು. ಆ ಬಿಸಿಲು. ಆ ಊಟ. ಬೇರೆ ಮಾದರಿ ಎಲ್ಲಿಂದ ತರಲಿ? ಮಲ್ಲಣ್ಣನ ಊರಿನಲ್ಲಿ, ಬಬಲೇಶ್ವರದಲ್ಲಿ, ಸುತ್ತಿನ ಹಳ್ಳಿಗಳಲ್ಲಿ ಕೇಳುತ್ತ ತಿರುಗಿದೆ. "ಇತ್ತು, ನಮ್ಮ ಆಯಿ ಇಡತಿದ್ಲು" ಎಂದವರು ಬಹಳ ಮಂದಿ. ಕಾಳು ಯಾರ ಹತ್ತಿರವೂ ಇರಲಿಲ್ಲ.

ಅಷ್ಟರಲ್ಲಿ ಶಬಾನಾ ಫೋನು ಮಾಡಿದಳು. ಖಾಲಾಳ ಎದೆ ಹೊಗೆಯಿಂದ ಮೊದಲೇ ಕೆಟ್ಟಿತ್ತು. ಈಗ ಎದ್ದು ಕೂಡಲೂ ಆಗುತ್ತಿಲ್ಲ, ನಿಮಗೆ ಬಾ ಅಂತ ಹೇಳಾಕತ್ತಾರ.

ಭಟ್ಟಿಯ ಹಿಂದಿನ ಖೋಲಿಯಲ್ಲಿ ಮಂಚದ ಮೇಲೆ ಗೋಡೆಗೆ ಒರಗಿಸಿದ್ದರು. ಸುರಮಾ ಇತ್ತು, ಯಾರೋ ಹಚ್ಚಿದ್ದು, ಒಂದು ಕಣ್ಣಿನದು ರೆಪ್ಪೆಯಾಚೆ ಹರಡಿತ್ತು. ಖಾಲಾ ಶಬಾನಾಳನ್ನು ಕೈಸನ್ನೆಯಲ್ಲೇ ಹೊರಗೆ ಕಳಿಸಿದಳು. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು.

"ಬಾಟ್ಲಿದು ಸುದ್ದಿ ಬಂತೇನ?"

ಉತ್ತರ ನನ್ನ ಕಿಸೆಯ ಫೋನಿನಲ್ಲಿತ್ತು. ಅದನ್ನು ಹೇಳಿದರೆ ಜೀಪಿನ ಕಥೆ ಹೇಳಬೇಕು. ನಿಮ್ಮ ಮನೆತನ ಕಾಯ್ದುಕೊಂಡು ಬಂದದ್ದನ್ನು ನಾವು ಬಿಸಿಲಿಗಿಟ್ಟು ಕೊಂದೆವು ಎನ್ನಬೇಕು. ಉಸಿರಿಗೆ ಕಷ್ಟಪಡುವ ಮುದುಕಿಗೆ ಅದನ್ನು ಹೇಳುವುದು ಹೇಗೆ ಎಂದು ಯೋಚಿಸಿದೆ ಅಂತ ಬರೆದರೆ ದಯೆಯ ಹಾಗೆ ಕಾಣುತ್ತದೆ. ಯೋಚಿಸಲಿಲ್ಲ. ಬಾಯಿಗೆ ಬಂತು.

"ಬಂತು ಖಾಲಾ. ಮೊಳತಾವಂತ."

ಆಕೆ ನನ್ನನ್ನೇ ನೋಡಿದಳು.

"ಮೊಳತಾವ?"

"ಮೊಳತಾವ."

"ಎಲ್ಲಾನೂ?"

"ಎಲ್ಲಾನೂ. ಒಂದೂ ಬಿಟ್ಟಿಲ್ಲ. ಬರೂ ಹಿಂಗಾರಿಗೆ ಕಳಸ್ತಾರ."

ಖಾಲಾ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಡೆಯಿತು. ನಾನು ಬೆನ್ನು ಸವರಿದೆ. ಕೆಮ್ಮು ನಿಂತ ಮೇಲೆ ಆಕೆ ಗೋಡೆಗೆ ತಲೆ ಆನಿಸಿ, "ಸಣ್ಣಾಂವ ಇದ್ದಾಗ ಗುಮ್ಮ ಇದ್ದಿ," ಎಂದಳು. "ಈಗ ಎಷ್ಟ ಚಂದ ಮಾತಾಡಾಕ ಕಲ್ತೀ."

ಹೊಗಳಿದಳು ಎಂದುಕೊಂಡೆ. ಹಗುರಾಗಿ ಮನೆಗೆ ಬಂದೆ. ನೆಮ್ಮದಿಯಿಂದ ಊಟ ಮಾಡಿದೆ. ಒಂದು ವಾರದೊಳಗೆ ಆಕೆ ತೀರಿಕೊಂಡಳು.

ನಲವತ್ತನೆಯ ದಿನದ ಊಟಕ್ಕೆ ಕರೆದಿದ್ದರು. ಎಲ್ಲ ಮುಗಿದ ಮೇಲೆ ಶಬಾನಾ ತಣ್ಣಗಿದ್ದ ಭಟ್ಟಿಯ ಹತ್ತಿರ ನಿಂತಿದ್ದಳು. ಒಲೆಯ ಬೂದಿಯನ್ನು ಕೆದರುತ್ತ, ನನ್ನ ಕಡೆ ನೋಡದೆ ಕೇಳಿದಳು: "ಭಾಯ್, ಅವು ಖರೇನ ಮೊಳತಾವೇನ್ರಿ?"

ನಾನು ಚಪ್ಪಲಿ ಹುಡುಕತೊಡಗಿದೆ.

"ಮೊಳ್ಯಾಕ ಹೆಂಗ ಬರತೈತ್ರಿ? ಅದು ಹದಾ ಹಾಕಿದ ಕಾಳ. ಅಮ್ಮಾ ಬೇಕಂತ ಹದಾ ಹಾಕಿದ್ದ ತಂದ ಕೊಟ್ಟಿದ್ರು. ಹಸೀದು ಹೊರಗ ಕೊಡೂದಿಲ್ಲಲ್ಲರಿ ನಾವು. ಸರಕಾರಕ್ಕ ಕೊಟ್ರ ಊರ ತುಂಬ ಹಂಚತಾರ, ನಮ್ಮ ಭಟ್ಟಿಗೆ ಯಾರ ಬರತಾರ ಅಂದ್ರು. ಮಲ್ಲಣ್ಣನ ಮನ್ಯಾಗ ತೆನಿ ಐತೆಲ್ಲ ಅಂತ ಧೈರ್ಯ ಇತ್ತ ಅವರಿಗೆ." ಬೂದಿ ಕೆದರುವುದನ್ನು ನಿಲ್ಲಿಸಿದಳು. "ಬಿಜ್ಜರಗಿಯಿಂದ ಬಂದ ದಿನದಿಂದ ಊಟ ಸೇರಲಿಲ್ಲ. 'ನಮ್ಮ ಅತ್ತಿ ಕೊಟ್ಟ ಕಾಳ ನನ್ನ ಕೈಯಾಗ ಹೋತು, ಆ ಹುಡುಗನ ಮುಂದ ಒಮ್ಮೆ ಹೇಳಿ ಹಗರ ಆಕ್ಕೇನಿ, ಕರಸು' ಅಂದ್ರು. ಅದಕ್ಕಽ ನಾ ಫೋನ್ ಮಾಡಿದ್ದು."

"ನಾ ಹೋದ ಮ್ಯಾಲೆ ಏನಂದ್ರು?"

ಶಬಾನಾ ಹೇಳಲೋ ಬೇಡವೋ ಎಂದು ನೋಡಿದಳು. "ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ರು. 'ಸತ್ತ ಕಾಳ ಮೊಳಸಿ ಹೋದ. ಇನ್ನ ಅಂವಗ ನಾ ಏನ ಹೇಳ್ಲಿ' ಅಂದ್ರು."

ಅಷ್ಟೇ. ಆಮೇಲೆ ನನ್ನ ತಲೆ ಈ ಕಥೆಯನ್ನು ಎಷ್ಟು ಥರ ಜೋಡಿಸಿ ನೋಡಿದೆಯೋ. ಕಾಳು ಭಟ್ಟಿಯಲ್ಲೇ ಸತ್ತಿತ್ತು, ಹಾಗಾದರೆ ಜೀಪಿನ ಬಿಸಿಲು ಏನೂ ಮಾಡಲಿಲ್ಲ, ನಾನು ನಿರಪರಾಧಿ. ಹಸಿ ಕಾಳನ್ನೇ ಕೊಟ್ಟಿದ್ದರೂ ಜೀಪಿನಲ್ಲಿ ಸಾಯುತ್ತಿತ್ತು, ಹಾಗಾದರೆ ಆಕೆ ನಿರಪರಾಧಿ. ಎರಡೂ ಸರಿಯಾಗಿ ಕೂಡುತ್ತವೆ. ಎರಡರಿಂದಲೂ ಜೋಳ ವಾಪಸು ಬರುವುದಿಲ್ಲ. ಆ ಜೋಳ ಬದುಕಿದ್ದದ್ದು ಬಾಟಲಿಯಲ್ಲಲ್ಲ. ಮಲ್ಲಣ್ಣನ ಜಂತಿ, ಖಾಲಾಳ ಬಾಂಡಲಿ, ನಮ್ಮವ್ವನ ಪಂಚಮಿ, ಈ ಮೂರರ ನಡುವೆ ಓಡಾಡಿಕೊಂಡು ಇತ್ತು. ಬಾಟಲಿ ಭದ್ರವಾಗಿದೆ ಎಂದು ಮಲ್ಲಣ್ಣ ಜಂತಿ ತೆಗೆದ. ಜಂತಿ ಭದ್ರವಾಗಿದೆ ಎಂದು ಖಾಲಾ ಬಾಟಲಿಗೆ ಸತ್ತ ಕಾಳು ತುಂಬಿದಳು. ಹೊಲ, ಅಡಿಗೆಮನೆ ಎರಡನ್ನೂ ಸೇರಿಸಿಕೊಳ್ಳಬೇಕು ಎಂದು ಹೇಳಿಕೊಂಡು ಹೋದ ನಾವು ಒಯ್ದದ್ದು ಬಾಟಲಿಯನ್ನು ಮಾತ್ರ. ಸರ್‌ಗೆ ಎಲ್ಲವನ್ನೂ ಹೇಳಿದೆ. ಅವರು, ವರದಿಯಲ್ಲಿ 'ಮರುಸಂಗ್ರಹ ಬಾಕಿ' ಎಂದು ತಿದ್ದಿ ಅಂದರು. ತಿದ್ದಿದೆ. ಖಾಲಾಳ ಫೋಟೋ ಅದೇ ಪುಟದಲ್ಲಿದೆ, ಹಸಿರು ಸೀರೆ, ಎರಡೂ ಕೈಯಲ್ಲಿ ಬಾಟಲಿ.

ಆ ಮಂಚದ ಹತ್ತಿರ ನಾನು "ಮೊಳೀಲಿಲ್ಲ ಖಾಲಾ" ಎಂದಿದ್ದರೆ ಏನಾಗುತ್ತಿತ್ತು? ಆಕೆ ಹೇಳುತ್ತಿದ್ದಳು. ನಾನೂ ಜೀಪಿನದನ್ನು ಹೇಳುತ್ತಿದ್ದೆ. ಇಬ್ಬರೂ ಒಬ್ಬರಿಗೊಬ್ಬರು ಬೈದುಕೊಂಡು, ಶಬಾನಾಳಿಗೆ ಚಹ ಮಾಡಲು ಹೇಳುತ್ತಿದ್ದೆವು. ಹೀಗೆ ಚೆನ್ನಾಗಿ ಕಾಣುವ ದೃಶ್ಯ ಮನಸ್ಸು ಎಷ್ಟು ಸುಲಭವಾಗಿ ಕಟ್ಟಿಕೊಡುತ್ತದೆ. ನಡೆಯದೇ ಇದ್ದದ್ದು ಮಾತ್ರ ನನಗೆ ಇಷ್ಟು ಸ್ಪಷ್ಟವಾಗಿ ನೆನಪಿರುವುದು.

ಈ ಪಂಚಮಿಗೆ ಶಬಾನಾ ಭಟ್ಟಿ ಹೊತ್ತಿಸಿದಳು. ಪೇಟೆಯಿಂದ ಸಣ್ಣ ಕಾಳಿನ ಜೋಳ ಆರಿಸಿ ತಂದಿದ್ದಳಂತೆ. ಅವ್ವ ನನ್ನನ್ನೇ ಕಳಿಸಿದಳು. ಶಬಾನಾ ಉಸುಕನ್ನು ಬೈಯುವುದಿಲ್ಲ, ಬಗ್ಗಿ ಕೇಳುವುದೂ ಇಲ್ಲ. ಆದರೆ ಬಾಂಡಲಿಯಲ್ಲಿ ಕೈ ಆಡಿಸುವ ರೀತಿ ಖಾಲಾಳದೇ, ಅದರಲ್ಲಿ ಎರಡು ಮಾತಿಲ್ಲ. ಅಲ್ಲೊಂದು ಇಲ್ಲೊಂದು ಸಿಡಿಯಿತು. ಉಳಿದದ್ದೆಲ್ಲ ಕೆಂಪಗಾಗಿ ಕುಳಿತಿತ್ತು. ಸೇರಿನಲ್ಲಿ ಅಳೆಯುವಾಗ ಹೆಬ್ಬೆರಳನ್ನು ಹೊರಗೇ ಇಟ್ಟುಕೊಂಡಿದ್ದಳು.

ನಾಗಪ್ಪನಿಗೆ ಹಾಲೆರೆದು ಬಂದು ಅವ್ವ ತಟ್ಟೆಯಲ್ಲಿ ಅಳ್ಳು ಹಾಕಿಕೊಂಡು ಕುಳಿತಳು. ಅರಳಿದ್ದನ್ನು ಆರಿಸಿ ಬಾಯಿಗೆ ಹಾಕಿಕೊಂಡಳು. ಅರಳದ್ದನ್ನು ತಟ್ಟೆಯ ಅಂಚಿಗೆ ಸರಿಸುತ್ತ ಹೋದಳು. ಅಂಚು ತುಂಬಿತು.

"ಎಷ್ಟ ಗುಮ್ಮ ನೋಡ," ಎಂದಳು. "ಪಾಪ, ಆ ಹುಡಿಗಿಗೆ ಏನ ಗೊತ್ತಾಗತೈತಿ. ಹುಸೇನಬಿ ಕೈ ಅಂದ್ರ ಕೈ. ಕೈ ಹೋತು, ರುಚಿ ಹೋತು. ಹೌದಿಲ್ಲೋ?"

ಕೈ ಅಲ್ಲವ್ವಾ, ಕಾಳು. ಇಷ್ಟೇ ಹೇಳಬೇಕಿತ್ತು. ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

"ಹೌದು," ಎಂದೆ.